ಇನ್ನೂರು ರೂಪಾಯಿಯ ಟಿಕೆಟ್: ಕರ್ನಾಟಕದ ಸಿನಿಮಾ ಪ್ರೇಕ್ಷಕರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕದ ಚಿತ್ರಮಂದಿರಗಳಲ್ಲಿ ದುಡ್ಡು ಕೊಟ್ಟು ಸಿನಿಮಾ ನೋಡುವ ಎಲ್ಲರಿಗೆ,

ರಾಜ್ಯದ ಯಾವುದೇ ಚಿತ್ರಮಂದಿರದಲ್ಲಿ, ಯಾವುದೇ ಭಾಷೆಯ ಚಿತ್ರಕ್ಕೆ, ಟಿಕೆಟ್ ದರ 200 ರೂಪಾಯಿ ಮೀರಬಾರದು ಎಂದು ಕರ್ನಾಟಕ ಸರ್ಕಾರ 2025ರ ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಡಿಸಿತು. ತೆರಿಗೆ ಇದರ ಮೇಲೆ ಪ್ರತ್ಯೇಕ. 75 ಅಥವಾ ಅದಕ್ಕಿಂತ ಕಡಿಮೆ ಆಸನಗಳಿರುವ ಪ್ರೀಮಿಯಂ ಪರದೆಗಳಿಗೆ ವಿನಾಯಿತಿ ಇತ್ತು. ಸೆಪ್ಟೆಂಬರ್ 23ರಂದು ಹೈಕೋರ್ಟಿನ ಏಕಸದಸ್ಯ ಪೀಠ ಇದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಹನ್ನೊಂದು ದಿನದ ಆ ಆಯಸ್ಸಿನಲ್ಲಿ ಆದೇಶ ಕಂಡ ಪ್ರದರ್ಶನಗಳಿಗಿಂತ ಅದರ ಸುತ್ತ ನಡೆದ ಚರ್ಚೆಗಳೇ ಹೆಚ್ಚು. ಬಡವರು, ಮಧ್ಯಮ ವರ್ಗದವರು ಸಿನಿಮಾ ನೋಡುವುದು ಬೇಡವೇ ಎಂದು ಒಂದು ಬಣ ಕೇಳಿತು. ದೋಸೆಗೆ ದರ ಕಟ್ಟದ ಸರ್ಕಾರ ಸಿನಿಮಾಕ್ಕೆ ಯಾಕೆ ಕಟ್ಟಬೇಕು ಎಂದು ಇನ್ನೊಂದು ಬಣ ಕೇಳಿತು. ಎರಡೂ ಪ್ರಶ್ನೆ ನ್ಯಾಯವಾದದ್ದೇ. ಆದರೆ ಇಬ್ಬರೂ ಟಿಕೆಟ್ಟನ್ನು ಒಂದೇ ಗಲ್ಲಾಪೆಟ್ಟಿಗೆಗೆ ಬೀಳುವ ಒಂದೇ ಮೊತ್ತ ಎಂದುಕೊಂಡು ವಾದಿಸಿದರು. ಆ ಮೊತ್ತದಲ್ಲಿ ಸರ್ಕಾರ, ಚಿತ್ರಮಂದಿರ, ವಿತರಕ, ನಿರ್ಮಾಪಕ, ಬುಕಿಂಗ್ ಆ್ಯಪ್ ಎಲ್ಲರ ಪಾಲೂ ಇದೆ. ದರಕ್ಕೆ ಕಡಿವಾಣ ಹಾಕಿದಾಗ ಯಾರ ಪಾಲು ಎಷ್ಟು ಕರಗುತ್ತದೆ ಎಂಬುದು ತಿಳಿಯದೆ ಪರ ಅಥವಾ ವಿರೋಧ ಎಂದು ಹೇಳುವುದು ಕಷ್ಟ.

ಇದು ಮೊದಲ ಪ್ರಯತ್ನವೇನಲ್ಲ. 2017ರ ಬಜೆಟ್ಟಿನಲ್ಲೂ ಮುಖ್ಯಮಂತ್ರಿ ಸಿದ್ದರಾಮಯ್ಯ ಮಲ್ಟಿಪ್ಲೆಕ್ಸ್ ದರಕ್ಕೆ ಇದೇ 200 ರೂಪಾಯಿಯ ಮಿತಿ ಘೋಷಿಸಿದ್ದರು. ಆ ವರ್ಷ ಏಪ್ರಿಲ್ 28ರಂದು 'ಬಾಹುಬಲಿ 2' ತೆರೆಗೆ ಬಂತು. ಆದೇಶ ಬಂದದ್ದು ಮೇ ತಿಂಗಳಲ್ಲಿ. ಈ ವಿಳಂಬದ ಬಗ್ಗೆ ಆಗ ಕನ್ನಡ ಚಿತ್ರೋದ್ಯಮದ ಕೇಂದ್ರವಾದ ಗಾಂಧಿನಗರದಲ್ಲಿ ಸಾಕಷ್ಟು ಗುಸುಗುಸು ನಡೆಯಿತು. ಮಲ್ಟಿಪ್ಲೆಕ್ಸ್‌ಗಳು ನ್ಯಾಯಾಲಯದ ಮೊರೆ ಹೋದವು, ಆದೇಶ ಅಲ್ಲೇ ನಿಂತಿತು. ಎಂಟು ವರ್ಷದ ನಂತರ, 2025ರ ಮಾರ್ಚ್ ಬಜೆಟ್ಟಿನಲ್ಲಿ ಅದೇ ಮುಖ್ಯಮಂತ್ರಿಯ ಬಾಯಲ್ಲಿ ಅದೇ ಅಂಕಿ ಮತ್ತೆ ಬಂತು. ಜುಲೈನಲ್ಲಿ ಕರಡು ನಿಯಮ ಹೊರಟಿತು, ಆಕ್ಷೇಪಣೆಗೆ 15 ದಿನದ ಅವಕಾಶ ಕೊಡಲಾಯಿತು. ಈ ಎಂಟು ವರ್ಷಗಳಲ್ಲಿ ಕರೆಂಟ್ ಬಿಲ್ಲು, ಮಾಲ್ ಬಾಡಿಗೆ, ನಟರ ಸಂಭಾವನೆ, ಪ್ರೇಕ್ಷಕರ ಸಂಬಳ ಎಲ್ಲವೂ ಏರಿವೆ. 200 ಮಾತ್ರ 200 ಆಗಿಯೇ ಉಳಿದಿದೆ. ಲೆಕ್ಕ ಹಾಕಿ ಕಂಡುಕೊಂಡ ಅಂಕಿಗಿಂತ ಬಾಯಿಗೆ ಸುಲಭವಾಗಿ ಬರುವ ಅಂಕಿ ಇದು ಎನ್ನಲು ಇಷ್ಟು ಸಾಕು.

ತೆರಿಗೆಯಿಂದ ಆರಂಭಿಸಬಹುದು. ಜಿಎಸ್‌ಟಿ ಬರುವ ಮೊದಲು ಮನರಂಜನಾ ತೆರಿಗೆ ರಾಜ್ಯದ ಕೈಯಲ್ಲಿತ್ತು. ಕರ್ನಾಟಕದಲ್ಲಿ ಕನ್ನಡ ಚಿತ್ರಗಳಿಗೆ ಅದರಿಂದ ವಿನಾಯಿತಿಯೂ ಇತ್ತು. 2017ರ ಜುಲೈ 1ರಿಂದ ಆ ಅನುಕೂಲ ಹೋಯಿತು. 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 18, ಅದಕ್ಕಿಂತ ಹೆಚ್ಚಿನದಕ್ಕೆ ಶೇ 28 ತೆರಿಗೆ ಬಿತ್ತು, ಚಿತ್ರ ಯಾವ ಭಾಷೆಯದ್ದೇ ಆಗಿರಲಿ. 2019ರ ಜನವರಿಯಲ್ಲಿ ಅದು ಕ್ರಮವಾಗಿ 12 ಮತ್ತು 18ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್ಟಿಗೆ ಶೇ 5 ಆಗಿದೆ. ಅದರ ಮೇಲಿನದಕ್ಕೆ ಶೇ 18 ಹಾಗೇ ಇದೆ. ಹೀಗಾಗಿ 100 ರೂಪಾಯಿಯ ಟಿಕೆಟ್ಟಿಗೆ ಪ್ರೇಕ್ಷಕ ಕೊಡುವುದು 105. ದರ ಒಂದೇ ಒಂದು ರೂಪಾಯಿ ಏರಿ 101 ಆದರೆ ಕೊಡಬೇಕಾದ್ದು 119. ತಾಲ್ಲೂಕು ಕೇಂದ್ರದ ಒಂದೇ ಪರದೆಯ ಟಾಕೀಸು ಬಾಲ್ಕನಿಯ ದರವನ್ನು ನೂರಕ್ಕೇ ನಿಲ್ಲಿಸಿಕೊಳ್ಳಲು ಇದು ದೊಡ್ಡ ಕಾರಣ. ಬೆಂಗಳೂರಿನ ಮಾಲ್ ಪ್ರೇಕ್ಷಕನಿಗೆ ಮಾತ್ರ ಈ ಇಳಿಕೆಯಿಂದ ಚಿಕ್ಕಾಸೂ ಉಳಿಯಲಿಲ್ಲ. ಸರ್ಕಾರದ '200 ರೂಪಾಯಿ' ಟಿಕೆಟ್ ಕೂಡ ಕೈಗೆ ಬರುವಾಗ 236 ಆಗಿರುತ್ತದೆ. ಇದರ ಮೇಲೆ ಆ್ಯಪ್‌ನಲ್ಲಿ ಬುಕ್ ಮಾಡಿದವರಿಗೆ ಅನುಕೂಲ ಶುಲ್ಕ, ಆ ಶುಲ್ಕದ ಮೇಲೆ ಮತ್ತೆ ತೆರಿಗೆ. ಚಲನಚಿತ್ರ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿಗೆಂದು ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರಷ್ಟು ಸೆಸ್ ಹಾಕುವ ಕಾಯ್ದೆಯನ್ನೂ ರಾಜ್ಯ 2024ರಲ್ಲಿ ಮಾಡಿಕೊಂಡಿದೆ. ಒಂದು ಕೈಯಲ್ಲಿ ದರ ಇಳಿಸುವ ಸರ್ಕಾರ ಇನ್ನೊಂದು ಕೈಯಲ್ಲಿ ಸ್ವಲ್ಪ ಏರಿಸುವುದು ಹೊಸದೇನಲ್ಲ ಬಿಡಿ.

ತೆರಿಗೆ ಕಳೆದು ಉಳಿದದ್ದು ಚಿತ್ರಮಂದಿರ ಮತ್ತು ವಿತರಕನ ನಡುವೆ ಹಂಚಿಕೆಯಾಗುತ್ತದೆ. ಕರ್ನಾಟಕದ ಬಹಳಷ್ಟು ಒಂಟಿ ಪರದೆಗಳಲ್ಲಿ ಹಿಂದಿನಿಂದ ಬಂದದ್ದು ಬಾಡಿಗೆ ಪದ್ಧತಿ: ವಾರಕ್ಕೆ ಇಷ್ಟು ಎಂದು ವಿತರಕ ಕಟ್ಟಬೇಕು, ಸೀಟು ತುಂಬಿದರೂ ಖಾಲಿ ಬಿದ್ದರೂ ಆ ಮೊತ್ತ ಬದಲಾಗದು. ಸಣ್ಣ ನಿರ್ಮಾಪಕನಿಗೆ ಇದೇ ಉರುಳು. ಚಿತ್ರ ಎತ್ತಿಕೊಳ್ಳುವ ಮೊದಲೇ ಬಾಡಿಗೆ ಮೀಟರು ಓಡುತ್ತಿರುತ್ತದೆ. ಮಲ್ಟಿಪ್ಲೆಕ್ಸ್‌ನಲ್ಲಿ ಶೇಕಡಾವಾರು ಪದ್ಧತಿ. ಮೊದಲ ವಾರ ಹೆಚ್ಚುಕಡಿಮೆ ಅರ್ಧರ್ಧ, ಆಮೇಲೆ ವಾರ ಕಳೆದಂತೆ ವಿತರಕನ ಪಾಲು ಇಳಿಯುತ್ತ ಹೋಗುತ್ತದೆ. ಮೊದಲ ವಾರಾಂತ್ಯದಲ್ಲೇ ದುಡ್ಡು ಬಾಚಿಕೊಳ್ಳುವ ಆತುರ ನಿರ್ಮಾಪಕರಿಗೆ ಬಂದದ್ದು ಈ ಲೆಕ್ಕದಿಂದಲೇ. ಮೊದಲ ದಿನ ಸಾವಿರ ರೂಪಾಯಿ ದಾಟುವ ಟಿಕೆಟ್ಟುಗಳು, ಬೆಳಗಿನ ಜಾವದ ವಿಶೇಷ ಪ್ರದರ್ಶನಗಳು ಬರುವುದೂ ಇಲ್ಲಿಂದ.

ಶನಿವಾರ ಸಂಜೆ ಗಂಡ, ಹೆಂಡತಿ, ಇಬ್ಬರು ಮಕ್ಕಳು ಬೆಂಗಳೂರಿನ ಮಾಲ್ ಒಂದಕ್ಕೆ ಹೋದರು, ಟಿಕೆಟ್ ತಲಾ 300 ಎಂದಿಟ್ಟುಕೊಳ್ಳಿ. ನಾಲ್ವರಿಗೆ 1,200, ತೆರಿಗೆ 216, ಒಟ್ಟು 1,416 ರೂಪಾಯಿ. ಮಿತಿ ಜಾರಿಯಲ್ಲಿದ್ದರೆ 800, ತೆರಿಗೆ 144, ಒಟ್ಟು 944. ಮನೆಯವರಿಗೆ ಉಳಿದದ್ದು 472 ರೂಪಾಯಿ. ಈ 472 ಯಾರ ಜೇಬಿನಿಂದ ಬಂತು? 72 ರೂಪಾಯಿ ತೆರಿಗೆಯಿಂದ. ಉಳಿದ 400ರಲ್ಲಿ, ಅರ್ಧರ್ಧ ಹಂಚಿಕೆಯಾದರೆ, 200 ಚಿತ್ರಮಂದಿರದ್ದು, 200 ವಿತರಕ ಮತ್ತು ನಿರ್ಮಾಪಕರದ್ದು. ಅಂದರೆ ಮಲ್ಟಿಪ್ಲೆಕ್ಸಿನ ದುರಾಸೆಗೆ ಹಾಕಿದ ಮೂಗುದಾರ ಎಂದು ಕೊಂಡಾಡಿದ ಆದೇಶದ ಅರ್ಧ ಭಾರ ಚಿತ್ರ ಮಾಡಿದವರ ಮೇಲೂ ಬೀಳುತ್ತದೆ. ಚಲನಚಿತ್ರ ವಾಣಿಜ್ಯ ಮಂಡಳಿ ಈ ಮಿತಿಗಾಗಿ ಬೇಡಿಕೆ ಇಟ್ಟಿದ್ದರೂ, ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ಮಲ್ಟಿಪ್ಲೆಕ್ಸ್ ಸಂಘದ ಜೊತೆಗೆ 'ಕೆಜಿಎಫ್', 'ಕಾಂತಾರ' ಮಾಡಿದ ಹೊಂಬಾಳೆ ಫಿಲ್ಮ್ಸ್ ಕೂಡ ಇತ್ತು. 'ಕಾಂತಾರ: ಅಧ್ಯಾಯ 1' ಅಕ್ಟೋಬರ್ 2ರಂದು ತೆರೆಗೆ ಬರುವುದರಲ್ಲಿತ್ತು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಗಾಂಧಿನಗರದಲ್ಲೂ ಈ ವಿಷಯದಲ್ಲಿ ಒಮ್ಮತ ಇರಲಿಲ್ಲ. ನೂರಾರು ಕೋಟಿ ಸುರಿದವರ ಲೆಕ್ಕ ಒಂದು, ಒಂದೂವರೆ ಕೋಟಿಯಲ್ಲಿ ಚಿತ್ರ ಮುಗಿಸಿ ಸೀಟು ತುಂಬಿದರೆ ಸಾಕೆನ್ನುವವರ ಲೆಕ್ಕ ಇನ್ನೊಂದು.

ಇಂಟರ್ವೆಲ್ಲಿನಲ್ಲಿ ಅದೇ ಮನೆಯವರು ತಿಂಡಿ ಕೌಂಟರಿಗೆ ಹೋಗುತ್ತಾರೆ. ಉಳಿದ 472 ರೂಪಾಯಿ ಒಂದು ದೊಡ್ಡ ಪಾಪ್‌ಕಾರ್ನ್, ಒಂದು ತಂಪು ಪಾನೀಯಕ್ಕೆ ಸಾಲದೆಯೂ ಹೋಗಬಹುದು. ಟಿಕೆಟ್ ದುಡ್ಡಿನಲ್ಲಿ ವಿತರಕನಿಗೆ ಪಾಲಿದೆ, ತಿಂಡಿಯ ದುಡ್ಡಿನಲ್ಲಿ ಇಲ್ಲ. ಅದು ಪೂರ್ತಿ ಚಿತ್ರಮಂದಿರದ್ದು. ಪಾಪ್‌ಕಾರ್ನ್ ಬೆಲೆ ಗಗನಕ್ಕೇರಲು ಇದಕ್ಕಿಂತ ಬೇರೆ ರಹಸ್ಯ ಬೇಕಿಲ್ಲ. ದರ ಮಿತಿಯ ಆದೇಶ ತಿಂಡಿಯ ಬಗ್ಗೆ ಚಕಾರ ಎತ್ತಿಲ್ಲ. ಟಿಕೆಟ್ಟಿನಲ್ಲಿ ಕಳೆದುಕೊಂಡದ್ದನ್ನು ಕೌಂಟರಿನಲ್ಲಿ ಗಿಟ್ಟಿಸಿಕೊಳ್ಳುವ ದಾರಿ ತೆರೆದೇ ಇದೆ. ಹೊರಗಿನ ತಿಂಡಿ ತರಬಾರದೆಂದು ಚಿತ್ರಮಂದಿರದವರು ಹೇಳಬಹುದು, ಆದರೆ ಶುದ್ಧ ಕುಡಿಯುವ ನೀರನ್ನು ಉಚಿತವಾಗಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಜಮ್ಮು-ಕಾಶ್ಮೀರದ ಪ್ರಕರಣವೊಂದರಲ್ಲಿ ಸ್ಪಷ್ಟಪಡಿಸಿದೆ. ನೀರಿನ ನಲ್ಲಿ ಎಲ್ಲಿದೆ ಎಂದು ಸಿಬ್ಬಂದಿಯನ್ನು ಕೇಳುವುದು ಪ್ರೇಕ್ಷಕರ ಹಕ್ಕು. ಕೇಳಲು ಸಂಕೋಚಪಟ್ಟು ಬಾಟಲಿ ಕೊಳ್ಳುವವರೇ ಹೆಚ್ಚು. ಪಾಪ್‌ಕಾರ್ನ್ ಮೇಲಿನ ತೆರಿಗೆ 2024ರ ಡಿಸೆಂಬರಿನಲ್ಲಿ ದೇಶಕ್ಕೆಲ್ಲ ನಗೆಪಾಟಲಾಯಿತು. ಉಪ್ಪು-ಖಾರ ಹಾಕಿ ಬಿಡಿಯಾಗಿ ಮಾರಿದರೆ ಶೇ 5, ಪ್ಯಾಕೆಟ್ಟಿನಲ್ಲಿ ಬ್ರ್ಯಾಂಡ್ ಹೆಸರಿನಲ್ಲಿ ಮಾರಿದರೆ ಶೇ 12, ಸಕ್ಕರೆ ಪಾಕ ಸೇರಿ ಕ್ಯಾರಮೆಲ್ ಆದರೆ ಶೇ 18 ಎಂದು ಜಿಎಸ್‌ಟಿ ಮಂಡಳಿ ಆಗ ವಿವರಣೆ ಕೊಟ್ಟಿತ್ತು. ಜೋಕುಗಳು ಹರಿದಾಡಿದವು, ಬೆಲೆ ಕಟ್ಟುವವರು ಯಾರು ಎಂಬ ಪ್ರಶ್ನೆ ಆ ಗದ್ದಲದಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಡಿಮೆ ದರಕ್ಕೆ ಜನ ಬರುತ್ತಾರೆಂಬುದಕ್ಕೆ ಸಾಕ್ಷಿ ಕೊಟ್ಟವರು ಮಲ್ಟಿಪ್ಲೆಕ್ಸಿನವರೇ. 2022ರ ಸೆಪ್ಟೆಂಬರ್ 23ರಂದು 'ರಾಷ್ಟ್ರೀಯ ಸಿನಿಮಾ ದಿನ' ಎಂದು ದೇಶಾದ್ಯಂತ 75 ರೂಪಾಯಿಗೆ ಟಿಕೆಟ್ ಮಾರಿದಾಗ ಒಂದೇ ದಿನ 65 ಲಕ್ಷ ಮಂದಿ ಬಂದರೆಂದು ಅವರ ಸಂಘವೇ ಹೇಳಿಕೊಂಡಿತು. ಮುಂದಿನ ಎರಡು ವರ್ಷಗಳಲ್ಲಿ ಇದೇ ಪ್ರಯೋಗ 99 ರೂಪಾಯಿಗೆ ನಡೆಯಿತು. ವರ್ಷಕ್ಕೊಂದು ದಿನದ ಜಾತ್ರೆಯ ಜನಸಂದಣಿಯನ್ನು ದಿನನಿತ್ಯದ ಲೆಕ್ಕಕ್ಕೆ ಗುಣಿಸುವುದು ತಪ್ಪು, ನಿಜ. ಆದರೂ ದರಕ್ಕೂ ಜನಕ್ಕೂ ಸಂಬಂಧವಿಲ್ಲ ಎಂದು ಅವರು ಇನ್ನು ವಾದಿಸುವಂತಿಲ್ಲ.

ನೆರೆಯ ರಾಜ್ಯಗಳ ಮಾತಿಗೆ ಬಂದರೆ, ಚೆನ್ನೈಯಲ್ಲಿ ಕಡಿಮೆ, ಹೈದರಾಬಾದಿನಲ್ಲಿ ಕಡಿಮೆ, ನಮ್ಮಲ್ಲಿ ಮಾತ್ರ ಯಾಕೆ ಹೀಗೆ ಎಂಬುದು ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ. ತಮಿಳುನಾಡಿನಲ್ಲಿ ಸರ್ಕಾರ ಗರಿಷ್ಠ ದರ ಕಟ್ಟುವ ಪದ್ಧತಿ ಹಳೆಯದು. ತಮಿಳು ಸ್ಟಾರ್ ಒಬ್ಬರ ಚಿತ್ರಕ್ಕೆ ಚೆನ್ನೈಗಿಂತ ಬೆಂಗಳೂರಿನಲ್ಲಿ ಹಲವು ಪಟ್ಟು ಹೆಚ್ಚು ಕೊಟ್ಟು ನೋಡುವ ವಿಚಿತ್ರ ಹೀಗೆ ಉಂಟಾಗಿದೆ. ಕೌಂಟರಿನಲ್ಲಿ ದರ ಕಡಿಮೆ ಇದ್ದರೂ ಮೊದಲ ದಿನದ ಟಿಕೆಟ್ ಬ್ಲ್ಯಾಕಿನಲ್ಲಿ ಹೋಗುತ್ತದೆಂಬ ದೂರು ಅಲ್ಲಿ ಅಷ್ಟೇ ಹಳೆಯದು. ತೆಲಂಗಾಣ 2021ರ ಡಿಸೆಂಬರಿನಲ್ಲಿ ಕನಿಷ್ಠ, ಗರಿಷ್ಠ ಎರಡನ್ನೂ ಗೊತ್ತುಮಾಡಿತು: ಎಸಿ ಚಿತ್ರಮಂದಿರಕ್ಕೆ 50ರಿಂದ 150, ಮಲ್ಟಿಪ್ಲೆಕ್ಸಿಗೆ 100ರಿಂದ 250, ತೆರಿಗೆ ಬೇರೆ. ಆಂಧ್ರಪ್ರದೇಶ 2021ರಲ್ಲಿ ಊರಿನ ಗಾತ್ರ ನೋಡಿ ದರ ಇಳಿಸಲು ಹೋಗಿ, ಗ್ರಾಮ ಪಂಚಾಯಿತಿಯ ಎಸಿ ಇಲ್ಲದ ಟಾಕೀಸಿನ ಕೆಳ ದರ್ಜೆಗೆ 5 ರೂಪಾಯಿ ನಿಗದಿ ಮಾಡಿತು. ಒಂದು ಕಾಫಿಯ ದುಡ್ಡಿಗೂ ಕಡಿಮೆ! ಚಿತ್ರಮಂದಿರಗಳು ಬಾಗಿಲು ಹಾಕತೊಡಗಿದ ಮೇಲೆ 2022ರ ಮಾರ್ಚಿನಲ್ಲಿ ಆದೇಶ ಬದಲಾಯಿತು. ಎರಡೂ ತೆಲುಗು ರಾಜ್ಯಗಳಲ್ಲಿ ದೊಡ್ಡ ಚಿತ್ರ ಬಂದಾಗ ನಿರ್ಮಾಪಕರು ಸರ್ಕಾರದ ಬಳಿ ಹೋಗಿ ಹೆಚ್ಚುವರಿ ದರಕ್ಕೆ ವಿಶೇಷ ಆದೇಶ ತರುವುದು ರೂಢಿಯಾಯಿತು. 2024ರ ಡಿಸೆಂಬರಿನಲ್ಲಿ 'ಪುಷ್ಪ 2' ಚಿತ್ರದ ಪ್ರೀಮಿಯರ್ ಪ್ರದರ್ಶನಕ್ಕೆ ಟಿಕೆಟ್ಟಿನ ಮೇಲೆ 800 ರೂಪಾಯಿ ಹೆಚ್ಚು ತೆಗೆದುಕೊಳ್ಳಲು ಅನುಮತಿ ಸಿಕ್ಕಿತ್ತು. ಮಿತಿ ಇದ್ದೂ ಅದನ್ನು ಮೀರಲು ಸಚಿವರ ಕೃಪೆ ಬೇಕಾಗುವ ವ್ಯವಸ್ಥೆ ಮಿತಿಯೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಅಲ್ಲಿಂದ ಕಲಿಯುವುದಿದ್ದರೆ ಊರು ಮತ್ತು ಚಿತ್ರಮಂದಿರದ ದರ್ಜೆಗೆ ತಕ್ಕ ದರ ಎಂಬ ವಿಚಾರವನ್ನು ಕಲಿಯಬಹುದು, ಚಿತ್ರಕ್ಕೊಂದು ವಿನಾಯಿತಿ ಎಂಬುದನ್ನಲ್ಲ.

ಕರ್ನಾಟಕದ ನಿಯಮ ಕಲಿತದ್ದು ಎರಡನ್ನೂ ಅಲ್ಲ. ಹಿರಿಯೂರಿಗೂ ವೈಟ್‌ಫೀಲ್ಡಿಗೂ ಒಂದೇ ಮಿತಿ. ಟಿಕೆಟ್ ನೂರರ ಆಸುಪಾಸಿನಲ್ಲೇ ಇರುವ ಊರಿನಲ್ಲಿ 200ರ ಮಿತಿ ಇದ್ದೂ ಇಲ್ಲದಂತೆ. ಮಾಲ್ ಬಾಡಿಗೆ ದುಬಾರಿಯಾದಲ್ಲಿ ಅದೇ ಮಿತಿ ಉಸಿರುಗಟ್ಟಿಸಬಹುದು. ಸೋಮವಾರ ಬೆಳಗಿನ ಖಾಲಿ ಪ್ರದರ್ಶನಕ್ಕೂ ಭಾನುವಾರ ಸಂಜೆಯ ಹೌಸ್‌ಫುಲ್ಲಿಗೂ ವ್ಯತ್ಯಾಸವಿಲ್ಲ. 75 ಸೀಟಿನ ವಿನಾಯಿತಿಯಂತೂ ಒಳದಾರಿ ತೋರಿಸಿಕೊಟ್ಟ ಹಾಗಿದೆ: ಮಧ್ಯಮ ಗಾತ್ರದ ಪರದೆಯ ಸೀಟುಗಳನ್ನು ಕಿತ್ತು ಒರಗುವ ಕುರ್ಚಿ ಹಾಕಿ 75ಕ್ಕೆ ಇಳಿಸಿದರೆ ಮಿತಿಯಿಂದಲೇ ಪಾರು. ಮುಂದಿನ ಸಾಲಿನ ಗಾಂಧಿ ಕ್ಲಾಸಿನಲ್ಲಿ ಕನಿಷ್ಠ ಇಷ್ಟು ಸೀಟು ಅಗ್ಗದಲ್ಲಿ ಇಡಬೇಕೆಂಬ ನಿಯಮ ಮಾಡಿದ್ದರೆ, ನಿಜಕ್ಕೂ ಕೈಯಲ್ಲಿ ಕಾಸಿಲ್ಲದವರಿಗೆ ಅದರಿಂದ ಹೆಚ್ಚು ಉಪಕಾರವಾಗುತ್ತಿತ್ತು.

ಇನ್ನು ಕಾನೂನಿನ ಪ್ರಶ್ನೆ. ಚಿತ್ರಕ್ಕೆ ಪ್ರಮಾಣಪತ್ರ ಕೊಡುವುದು ಕೇಂದ್ರದ ಅಧಿಕಾರ. ಚಿತ್ರಮಂದಿರಗಳಿಗೆ ಪರವಾನಗಿ ಕೊಟ್ಟು ನಿಯಂತ್ರಿಸುವುದು ರಾಜ್ಯದ್ದು. ಇದಕ್ಕಾಗಿ ರಾಜ್ಯದಲ್ಲಿ ಇರುವುದು 1964ರ ಕರ್ನಾಟಕ ಸಿನಿಮಾ (ನಿಯಂತ್ರಣ) ಕಾಯ್ದೆ. ಅದರಡಿ ರಚಿಸಿದ 2014ರ ನಿಯಮಗಳಿಗೆ ತಿದ್ದುಪಡಿ ತಂದು ಸರ್ಕಾರ ದರ ಮಿತಿ ಸೇರಿಸಿತು. ಮೂಲ ಕಾಯ್ದೆ ಕೊಡದ ಅಧಿಕಾರವನ್ನು ನಿಯಮದ ಮೂಲಕ ತಂದುಕೊಳ್ಳಲಾಗದು, ವ್ಯಾಪಾರ ಮಾಡುವ ಮೂಲಭೂತ ಹಕ್ಕಿಗೂ ಇದು ಧಕ್ಕೆ ಎಂಬುದು ಮಲ್ಟಿಪ್ಲೆಕ್ಸ್‌ಗಳ ವಾದ. ಸಾರ್ವಜನಿಕ ಹಿತಕ್ಕಾಗಿ ನಿಯಂತ್ರಿಸುವ ಅಧಿಕಾರದಲ್ಲಿ ದರವೂ ಸೇರುತ್ತದೆ ಎಂಬುದು ಸರ್ಕಾರದ್ದು. ಸರ್ಕಾರ ಮೇಲ್ಮನವಿ ಹೋದಾಗ ವಿಭಾಗೀಯ ಪೀಠ ಸೆಪ್ಟೆಂಬರ್ 30ರಂದು ತಡೆಯನ್ನು ಉಳಿಸಿ, ಒಂದು ಷರತ್ತು ಹಾಕಿತು: ಮಾರಿದ ಪ್ರತಿ ಟಿಕೆಟ್ಟಿನ ಲೆಕ್ಕ ಇಡಬೇಕು, ಸರ್ಕಾರ ಗೆದ್ದರೆ ಹೆಚ್ಚುವರಿ ಹಣ ಪ್ರೇಕ್ಷಕರಿಗೆ ಮರಳಿಸಲು ಸಾಧ್ಯವಾಗಬೇಕು. ಮಲ್ಟಿಪ್ಲೆಕ್ಸ್‌ಗಳು ಸುಪ್ರೀಂ ಕೋರ್ಟಿಗೆ ಹೋದವು. ನವೆಂಬರ್ 3ರಂದು ಅಲ್ಲಿ ಈ ಷರತ್ತಿಗೆ ತಡೆ ಸಿಕ್ಕಿತು. ಅದೇ ವಿಚಾರಣೆಯಲ್ಲಿ ನ್ಯಾಯಮೂರ್ತಿಗಳು ನೂರು ರೂಪಾಯಿಯ ನೀರಿನ ಬಾಟಲಿ, ಏಳುನೂರರ ಕಾಫಿಯ ಮಾತೆತ್ತಿ, ಹೀಗೇ ಹೋದರೆ ಚಿತ್ರಮಂದಿರಗಳು ಖಾಲಿಯಾಗುತ್ತವೆ ಎಂದು ಎಚ್ಚರಿಸಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಆ ಕಾಫಿ. ಪ್ರೇಕ್ಷಕರ ಪಾಲಿಗೆ ಹೆಚ್ಚು ಮುಖ್ಯವಾಗಿದ್ದ ಟಿಕೆಟ್ ಲೆಕ್ಕದ ಷರತ್ತು ಸದ್ದಿಲ್ಲದೆ ಬಿದ್ದುಹೋಯಿತು.

ಲೆಕ್ಕ ಮುಖ್ಯ ಎನ್ನಲು ಕಾರಣವಿದೆ. ಒಂದು ಚಿತ್ರ 'ನೂರು ಕೋಟಿ ಕ್ಲಬ್' ಸೇರಿತು ಎಂಬ ಪೋಸ್ಟರಿನ ಅಂಕಿಯನ್ನು ಪರಿಶೀಲಿಸಲು ಸಾಮಾನ್ಯನಿಗೆ ದಾರಿ ಇಲ್ಲ. ಒಂಟಿ ಪರದೆಯ ದಿನದ ಗಳಿಕೆ ಬರೆದ ಡಿಸಿಆರ್ ಹಾಳೆ ವಿತರಕನ ಕಚೇರಿ ಬಿಟ್ಟು ಹೊರಗೆ ಬರುವುದಿಲ್ಲ. ಎಷ್ಟು ಸೀಟು ಯಾವ ದರಕ್ಕೆ ಹೋಯಿತು, ಎಷ್ಟು ಖಾಲಿ ಉಳಿಯಿತು ಎಂಬ ಮಾಹಿತಿ ಇಲ್ಲದೆ 200 ಸರಿಯೋ 150 ಸರಿಯೋ 300 ಸರಿಯೋ ಎಂದು ಸರ್ಕಾರವೂ ಹೇಳಲಾರದು, ನ್ಯಾಯಾಲಯವೂ ಹೇಳಲಾರದು. ಟಿಕೆಟ್ ಮಾರಾಟವೆಲ್ಲ ಕಂಪ್ಯೂಟರಿನಲ್ಲಿ ನಡೆಯುವ ಕಾಲದಲ್ಲಿ ಇದು ತಂತ್ರಜ್ಞಾನದ ಕೊರತೆಯಲ್ಲ, ಮನಸ್ಸಿಲ್ಲದಿರುವುದು.

ದರದ ಚರ್ಚೆಯಲ್ಲಿ ಒಟಿಟಿಯೂ ಬಂದೇ ಬರುತ್ತದೆ. ನಾಲ್ಕು ವಾರ ಕಾದರೆ ಮನೆಯಲ್ಲೇ ಸಿಗುವುದಕ್ಕೆ 236 ಯಾಕೆ ಕೊಡಬೇಕು ಎಂಬ ಲೆಕ್ಕ ಪ್ರತಿ ಮನೆಯಲ್ಲೂ ನಡೆಯುತ್ತದೆ. ಹಿಂದಿ ಚಿತ್ರಗಳಿಗೆ ಎಂಟು ವಾರದ ಅಂತರ ಇರಲೇಬೇಕೆಂದು ಮಲ್ಟಿಪ್ಲೆಕ್ಸ್ ಸರಪಳಿಗಳು ಪಟ್ಟು ಹಿಡಿದಿವೆ. ದಕ್ಷಿಣದ ಭಾಷೆಗಳಲ್ಲಿ ಸಾಮಾನ್ಯವಾಗಿ ನಾಲ್ಕು ವಾರ. 'ಕಾಂತಾರ: ಅಧ್ಯಾಯ 1' ಕನ್ನಡದಲ್ಲಿ ಅಕ್ಟೋಬರ್ 31ಕ್ಕೇ ಒಟಿಟಿಗೆ ಬಂತು, ಅದರ ಹಿಂದಿ ಆವೃತ್ತಿ ನವೆಂಬರ್ 27ರವರೆಗೆ ಕಾಯಿತು. ದೊಡ್ಡ ಚಿತ್ರಗಳ ಕಥೆ ಹೀಗಾದರೆ, ಸಣ್ಣ ಕನ್ನಡ ಚಿತ್ರಗಳನ್ನು ಒಟಿಟಿಗಳು ಮುಂಗಡ ಕೊಟ್ಟು ಕೊಳ್ಳುವುದೇ ಅಪರೂಪ. ಎಷ್ಟು ನಿಮಿಷ ನೋಡಿದರೋ ಅಷ್ಟಕ್ಕೆ ಪಾಲು ಎಂಬ ಒಪ್ಪಂದವೇ ಹೆಚ್ಚಿನವರ ಪಾಲಿಗೆ ಸಿಗುವುದು. ರಕ್ಷಿತ್ ಶೆಟ್ಟಿ ನಿರ್ಮಾಣದ 'ಏಕಂ' ಸರಣಿ ಕೊಳ್ಳುವವರಿಲ್ಲದೆ 2024ರ ಜುಲೈನಲ್ಲಿ ತನ್ನದೇ ಜಾಲತಾಣದಲ್ಲಿ ಬಿಡುಗಡೆಯಾದದ್ದು ಇದೇ ಕಾರಣಕ್ಕೆ. ಕನ್ನಡ ಚಿತ್ರಗಳಿಗೆ ಸರ್ಕಾರಿ ಒಟಿಟಿ ತರುವ ಘೋಷಣೆ 200 ರೂಪಾಯಿ ಮಿತಿ ಬಂದ ಅದೇ ಬಜೆಟ್ಟಿನಲ್ಲಿತ್ತು. ಕೇರಳ 2024ರ ಮಾರ್ಚಿನಲ್ಲೇ 'ಸಿ ಸ್ಪೇಸ್' ಆರಂಭಿಸಿ, ಚಿತ್ರವೊಂದಕ್ಕೆ 75 ರೂಪಾಯಿ ಪಡೆದು, ಅದರಲ್ಲಿ ಅರ್ಧವನ್ನು ಹಕ್ಕುದಾರರಿಗೆ ಕೊಡುವ ವ್ಯವಸ್ಥೆ ಮಾಡಿದೆ. ದರ ಮಿತಿಯಷ್ಟು ಗದ್ದಲ ಎಬ್ಬಿಸದ ನಮ್ಮ ಒಟಿಟಿ ಘೋಷಣೆಯೇ ಸಣ್ಣ ನಿರ್ಮಾಪಕರಿಗೆ ಹೆಚ್ಚು ಕೆಲಸಕ್ಕೆ ಬರಬಹುದಾದದ್ದು.

ಟಿಕೆಟ್ ಅಗ್ಗವಾದರೆ ಕನ್ನಡ ಚಿತ್ರಗಳು ಉಳಿಯುತ್ತವೆ ಎಂಬ ಮಾತಿಗೂ ಅರ್ಧ ಮಾತ್ರ ಆಧಾರವಿದೆ. 2025ರ ಜುಲೈ 25ರಂದು ಬಂದ 'ಸು ಫ್ರಮ್ ಸೋ' ಚಿತ್ರದಲ್ಲಿ ದೊಡ್ಡ ಸ್ಟಾರ್ ಇರಲಿಲ್ಲ, ಅಬ್ಬರದ ಪ್ರಚಾರವೂ ಇರಲಿಲ್ಲ. ನೋಡಿ ಬಂದವರು ಹೇಳಿದ ಮಾತಿನ ಮೇಲೆ ಪ್ರದರ್ಶನಗಳು ದಿನದಿಂದ ದಿನಕ್ಕೆ ಹೆಚ್ಚಿದವು. ಆಗ 200ರ ಮಿತಿ ಇನ್ನೂ ಕರಡಿನಲ್ಲಿತ್ತು. ಅದೇ ಹೊತ್ತಿಗೆ, ಬಂದದ್ದೂ ಹೋದದ್ದೂ ಗೊತ್ತಾಗದ ಚಿತ್ರಗಳಿಗೆ ನೂರು ರೂಪಾಯಿ ಟಿಕೆಟ್ ಇದ್ದರೂ ಜನ ಹೋಗಲಿಲ್ಲ. ಚೆನ್ನಾಗಿರುವ ಚಿತ್ರವನ್ನು ಮನೆಮಂದಿಯೆಲ್ಲ ಎರಡನೇ ಸಲ ನೋಡಲು ದರ ಅಡ್ಡಿಯಾಗುತ್ತದೆ. ಚೆನ್ನಾಗಿಲ್ಲದ್ದನ್ನು ಮೊದಲ ಸಲ ನೋಡಿಸುವ ಶಕ್ತಿ ಯಾವ ದರಕ್ಕೂ ಇಲ್ಲ.

ಮೂಲ ಪ್ರಕರಣ ಹೈಕೋರ್ಟಿನಲ್ಲಿ ಹೇಗೆ ಮುಗಿದರೂ, ನಿಯಮವನ್ನು ಮತ್ತೆ ಬರೆಯುವ ಸಂದರ್ಭ ಬಂದರೆ ಕರಡು ಮತ್ತೆ ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು, ಆಕ್ಷೇಪಣೆ ಸಲ್ಲಿಸಲು ಗಡುವು ಕೊಡಬೇಕು. ಚಿತ್ರಮಂದಿರಗಳ ಪರವಾನಗಿ ನಿಯಮ ನೋಡಿಕೊಳ್ಳುವುದು ಒಳಾಡಳಿತ ಇಲಾಖೆ. ಆಕ್ಷೇಪಣೆ ಹೋಗಬೇಕಾದದ್ದೂ ವಿಧಾನಸೌಧದ ಆ ಕಚೇರಿಗೇ. ಮಲ್ಟಿಪ್ಲೆಕ್ಸ್ ಸಂಘ, ವಾಣಿಜ್ಯ ಮಂಡಳಿ ತಮ್ಮ ವಕೀಲರ ಮೂಲಕ ಬರೆದು ಕಳಿಸುತ್ತವೆ. ಪ್ರೇಕ್ಷಕರೂ ಸಾದಾ ಕಾಗದದಲ್ಲಿ ಬರೆಯಬಹುದು. ಊರು ಮತ್ತು ಚಿತ್ರಮಂದಿರದ ದರ್ಜೆಗೆ ತಕ್ಕ ಗರಿಷ್ಠ ದರ, ಪ್ರತಿ ಪ್ರದರ್ಶನದಲ್ಲಿ ಇಷ್ಟು ಸೀಟು ಅಗ್ಗ ಎಂಬ ಕಡ್ಡಾಯ, ಬೆಲೆಯೇರಿಕೆಗೆ ತಕ್ಕಂತೆ ಎರಡು-ಮೂರು ವರ್ಷಕ್ಕೊಮ್ಮೆ ಪರಿಷ್ಕರಣೆ, ಉಚಿತ ಕುಡಿಯುವ ನೀರಿನ ಜಾಗವನ್ನು ತೋರಿಸುವ ಫಲಕ, ಆ್ಯಪ್ ಶುಲ್ಕವನ್ನು ಮೊದಲ ಪುಟದಲ್ಲೇ ಕಾಣುವಂತೆ ಹಾಕುವುದು, ಟಿಕೆಟ್ ಮಾರಾಟದ ಲೆಕ್ಕ ತಿಂಗಳಿಗೊಮ್ಮೆ ಸಾರ್ವಜನಿಕವಾಗಿ ಸಿಗುವುದು, ಹೀಗೆ ಅಂಶಗಳನ್ನು ಒಂದೊಂದಾಗಿ ಬರೆದರೆ ಒಂದು ಹಾಳೆ ಸಾಕು. 2025ರ ಕರಡಿಗೆ ಕೊಟ್ಟ ಗಡುವು ಹದಿನೈದೇ ದಿನವಾದ್ದರಿಂದ, ಆ ಹಾಳೆಯನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇತಿ,
ಟಿಕೆಟ್ ಕೊಂಡು ನೋಡುವ ಒಬ್ಬ ಪ್ರೇಕ್ಷಕ